ಜರ್ಮನಿಯಲ್ಲಿ ತಮ್ಮನ ದುಡ್ಡು ಕೈಗೆ ಬಂದ ಬಗೆ

ತಮ್ಮ ಹಾಸನದಿಂದ ಜರ್ಮನಿಗೆ ಓದಲು ಹೋದ. ವೀಸಾಕ್ಕೆಂದು ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ಇಟ್ಟ ದುಡ್ಡನ್ನು ತಿಂಗಳಿಗಿಷ್ಟು ಅಂತ ಮಾತ್ರ ಬಿಡುವ ಖಾತೆಯಲ್ಲಿ, 11,904 ಯೂರೋ ಇಟ್ಟಿದ್ದೆವು. ಅದರಿಂದ ತಿಂಗಳಿಗೆ 992 ಯೂರೋ ಬರಬೇಕು, ಬರಲಿಲ್ಲ. ಇಲ್ಲಿ ಅಮ್ಮನಿಗೆ ನಿದ್ದೆಯಿಲ್ಲ.

ವಿಡಿಯೋ ಕಾಲ್ ಮಾಡಿ, ಕಾಗದಗಳನ್ನೆಲ್ಲ ಹರಡಿಕೊಂಡು ಕೂತೆವು. ತೊಡಕು ಸಿಕ್ಕಿತು. ದುಡ್ಡು ಬಿಡಲು ಮಾಮೂಲಿ ಬ್ಯಾಂಕ್ ಖಾತೆ ಬೇಕು. ಅವನ ಬ್ಯಾಂಕಿಗೆ ವಿಳಾಸ ನೋಂದಣಿಯ ಪತ್ರ, ಅಂದರೆ ಇಂಥ ಮನೆಯಲ್ಲಿದ್ದೇನೆ ಅಂತ ಅಲ್ಲಿನ ಸರ್ಕಾರಿ ಕಚೇರಿಯಲ್ಲಿ ಬರೆಸಿದ್ದಕ್ಕೆ ಪುರಾವೆ, ಬೇಕು. ನೋಂದಣಿಗೆ ಮನೆ ಮಾಲೀಕರ ದೃಢೀಕರಣ ಬೇಕು, ಬರೀ ಬಾಡಿಗೆ ಕರಾರು ಸಾಲದು! ಮಾಲೀಕರ ಹೆಸರು, ಮನೆ ವಿಳಾಸ, ಒಳಬಂದ ತಾರೀಕು, ಇರುವವರ ಹೆಸರು ಇರುವ ಚಿಕ್ಕ ಫಾರಂ ಅದು. ಸಹಿ ಬಿತ್ತು, ಉಳಿದದ್ದು ಸಲೀಸಾಯಿತು.

ರೂಮು ಗೊತ್ತುಮಾಡುವಾಗಲೇ ‘ಈ ಫಾರಂ ಕೊಡ್ತೀರಾ’ ಅಂತ ಕೇಳಿ. ಇಲ್ಲ ಅಂದರೆ ಆ ರೂಮೇ ಬೇಡ. ಮೊದಲ ಎರಡು ತಿಂಗಳ ಖರ್ಚಿಗೆ ಫಾರೆಕ್ಸ್ ಕಾರ್ಡಿನಲ್ಲಿ (ವಿದೇಶಿ ಹಣ ಮೊದಲೇ ತುಂಬಿಸಿ ಒಯ್ಯುವ ಕಾರ್ಡು) ಬೇರೆ ದುಡ್ಡು ಇರಲಿ.