ಓಬವ್ವನ ಸಿನಿಮಾ ಮಾಡಿದ್ದು: ಒನಕೆ ಹಿಡಿಯೋದು ಕಲಿತ ಕಥೆ

ನಾನು ಚಿತ್ರದುರ್ಗದಲ್ಲಿ ಮದುವೆ ವಿಡಿಯೋ ಮಾಡುವವನು. 15 ವರ್ಷ ಆಯ್ತು. ತಾಳಿ ಕಟ್ಟೋ ಹೊತ್ತಿಗೆ ಕ್ಯಾಮೆರಾ ಎಲ್ಲಿರಬೇಕು, ಯಾವ ಸೋದರಮಾವ ಅಡ್ಡ ಬರ್ತಾನೆ ಅಂತ ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಇಂಥವನು ಓಬವ್ವನ ಮೇಲೆ 52 ನಿಮಿಷದ ಸಿನಿಮಾ ಮಾಡ್ತೀನಿ ಅಂದಾಗ ಮನೆಯವಳು ಕೇಳಿದ್ದು ಒಂದೇ ಮಾತು: "ಯಾರ ದುಡ್ಡಲ್ಲಿ?"

ನಮ್ಮದೇ ದುಡ್ಡಲ್ಲಿ. ಐದು ಜನ ಸ್ನೇಹಿತರು ಸೇರಿ ಹಾಕಿದೆವು.

ಕಥೆ ಎಲ್ಲರಿಗೂ ಗೊತ್ತು. ಮದಕರಿ ನಾಯಕನ ಕಾಲ, ಅಂದರೆ 1754ರಿಂದ 1779ರ ನಡುವೆ. ಕೋಟೆಗೆ ಹೈದರಾಲಿ ಸೈನ್ಯದ ಮುತ್ತಿಗೆ. ಕಾವಲಿನ ಕಹಳೆ ಮುದ್ದಹನುಮ ಊಟಕ್ಕೆ ಮನೆಗೆ ಬರ್ತಾನೆ, ಹೆಂಡತಿ ನೀರು ತರೋಕೆ ಹೋಗ್ತಾಳೆ, ಕಿಂಡಿಯಲ್ಲಿ ಸೈನಿಕರು ನುಸುಳೋದು ಕಾಣ್ತಾಳೆ, ಒನಕೆ ಹಿಡೀತಾಳೆ. ಇದರಲ್ಲಿ ಬಹಳಷ್ಟು, ಜನರ ಬಾಯಲ್ಲಿ ಉಳಿದು ಬಂದದ್ದು. ಅದಕ್ಕಿಂತ ದೊಡ್ಡ ತಲೆನೋವು ಬೇರೆ ಇತ್ತು. 1972ರ ನಾಗರಹಾವು ಬಂದ ಮೇಲೆ ಓಬವ್ವ ಅಂದ್ರೆ ಜಯಂತಿ. ಆ ಒಂದು ಹಾಡು ಇಡೀ ಕರ್ನಾಟಕದ ಕಣ್ಣಲ್ಲಿ ಕೂತಿದೆ. ಅದರ ಮುಂದೆ ನಾವೇನು ತೋರಿಸೋದು?

ಮೊದಲ ಸ್ಕ್ರಿಪ್ಟಿನಲ್ಲಿ ದರ್ಬಾರು, ಸಿಂಹಾಸನ, ಅರ್ಧ ಪುಟದ ಡೈಲಾಗು ಎಲ್ಲ ಇತ್ತು. ದಾವಣಗೆರೆಗೆ ಹೋಗಿ ನಾಟಕದ ಡ್ರೆಸ್ ಬಾಡಿಗೆಗೆ ತಂದೆವು. ಟೆಸ್ಟ್ ಶೂಟ್ ಮಾಡಿ ಟಿವಿಗೆ ಹಾಕಿ ನೋಡಿದರೆ ವೆಲ್ವೆಟ್ಟು, ಚಮಕಿ, ಹಿಂದೆ ಸೇಫ್ಟಿ ಪಿನ್ನು. ಸ್ಟೇಜಿನ ಮೇಲೆ ದೂರದಿಂದ ಚೆಂದ ಕಾಣೋದು ಹತ್ತಿರದ ಕ್ಯಾಮೆರಾಕ್ಕೆ ಕುರುಕ್ಷೇತ್ರ ನಾಟಕದ ಥರ ಕಂಡಿತು. ನಾನೇ ನಕ್ಕುಬಿಟ್ಟೆ, ಆಮೇಲೆ ಬಾಡಿಗೆ ನೆನಪಾಗಿ ನಗು ನಿಂತಿತು.

ಮರುದಿನ ಬೆಳಗ್ಗೆ ಟಿಕೆಟ್ ತಗೊಂಡು ಒಬ್ಬನೇ ಕೋಟೆಗೆ ಹೋದೆ. ಚಿಕ್ಕಂದಿನಿಂದ ನೂರು ಸಲ ಹೋಗಿದ್ದೇನೆ, ಆದ್ರೆ ಅವತ್ತು ಓಬವ್ವ ನೀರಿಗೆ ಹೋದ ಜಾಗ ಅಂತ ಹೇಳೋ ತಣ್ಣೀರು ದೋಣಿಯ ಹತ್ತಿರ ಸುಮ್ನೆ ಎರಡು ತಾಸು ಕೂತೆ. ಅಲ್ಲಿಂದ ಕಿಂಡಿ ಎಷ್ಟು ಹತ್ತಿರ ಅಂತ ನಡೆದು ನೋಡಿದೆ. ಆಗ ತಲೆಗೆ ಹೋಯ್ತು: ಈ ಇಡೀ ಕಥೆ ನಡೆಯೋದು ಒಬ್ಬ ಮನುಷ್ಯ ಊಟ ಮುಗಿಸೋ ಅಷ್ಟು ಹೊತ್ತಲ್ಲಿ! ಅವನು ಉಣ್ತಿದ್ದಾನೆ, ಎಬ್ಬಿಸಬಾರದು ಅಂತ ಅವಳು ಒಬ್ಬಳೇ ಹೋಗಿದ್ದಾಳೆ. ಇದರಲ್ಲಿ ದರ್ಬಾರಿಗೆ ಏನು ಕೆಲಸ? ಮನೆಗೆ ಬಂದು 30 ಪುಟ ಹರಿದು ಹಾಕಿದೆ. ಸಿನಿಮಾ ಅಡುಗೆಮನೆಯಲ್ಲಿ ಶುರುವಾಗಬೇಕು, ಕಹಳೆ ಊದಿದಾಗ ಮುಗೀಬೇಕು. ಡ್ರೆಸ್ಸಿಗೆ ಹತ್ತಿ ಬಟ್ಟೆ ತಂದು ಟೀ ಡಿಕಾಕ್ಷನ್‌ನಲ್ಲಿ ನೆನೆಸಿ ಒಣಗಿಸಿದೆವು. ಮಾಡಿನ ಮೇಲೆ ಒಂದು ವಾರ ಟೀ ವಾಸನೆ.

ಓಬವ್ವನ ಪಾತ್ರಕ್ಕೆ ಕಬಡ್ಡಿ ಆಡುವ ಹುಡುಗಿಯೊಬ್ಬಳು ಸಿಕ್ಕಳು. ಮೈಯಲ್ಲಿ ಕಸುವಿತ್ತು. ಆದರೆ ಒನಕೆ ಕೊಟ್ಟ ತಕ್ಷಣ ಅದನ್ನ ಭೀಮನ ಗದೆ ಥರ ಬೀಸಿದಳು. ತಪ್ಪು ಅವಳದಲ್ಲ, ನಾನೇ ಹಾಗೆ ಬೀಸೋಕೆ ಹೇಳಿಕೊಟ್ಟಿದ್ದೆ. ನಾವು ಪ್ರಾಕ್ಟೀಸ್ ಮಾಡ್ತಿದ್ದ ಹಳ್ಳಿಯಲ್ಲಿ ಒಬ್ಬ ಅಜ್ಜಿ ಜಗಲಿ ಮೇಲೆ ಕೂತು ನೋಡ್ತಾ ಇತ್ತು. ಎದ್ದು ಬಂದು ಒನಕೆ ಕಸ್ಕೊಂಡಿತು. "ಎತ್ತೋದೇನು ದೊಡ್ಡದಲ್ಲವ್ವಾ, ಬಿಡೋದು ಕಲಿ" ಅಂತು. ಒರಳಲ್ಲಿ ನವಣೆ ಹಾಕಿಸಿ ತೋರಿಸಿತು. ಬಲಗೈ ಮೇಲೆ ಹೋಗುತ್ತೆ, ಒನಕೆ ತುದಿಗೆ ಬಂದಾಗ ಹಿಡಿತ ಸಡಿಲ, ಅದು ತನ್ನ ಭಾರಕ್ಕೇ ಬೀಳುತ್ತೆ, ಬಿದ್ದು ಚಿಮ್ಮೋ ಹೊತ್ತಿಗೆ ಎಡಗೈ ಹಿಡಿಯುತ್ತೆ. ಪ್ರತಿ ಏಟಿಗೂ ಬಾಯಿಂದ ಸಣ್ಣಗೆ "ಹ್ಹುಂ". ತುದಿಯಲ್ಲಿ ಕಬ್ಬಿಣದ ಬಳೆ ಇರೋ ಹಳೇ ಒನಕೆ ಅದು, ನಾನು ಹತ್ತು ಏಟಿಗೇ ಸುಸ್ತಾದೆ. ಅಜ್ಜಿ ಮಾತಾಡ್ತಾ ಮಾತಾಡ್ತಾ ಒಂದು ಸೇರು ಕುಟ್ಟಿಬಿಟ್ಟಿತು.

ಆಗ ಫೈಟ್ ಸೀನ್ ಪೂರ್ತಿ ಬದಲಾಯಿತು. ಕಿಂಡಿ ಎಷ್ಟು ಚಿಕ್ಕದು ಅಂದ್ರೆ ಒಂದು ಸಲಕ್ಕೆ ಒಬ್ಬನೇ, ಅದೂ ತೆವಳಿಕೊಂಡೇ ಬರಬೇಕು. ತಲೆ ಕೆಳಗೇ ಇರುತ್ತೆ. ಅಂಥ ಕಡೆ ಯಾರು ಬೀಸ್ತಾರೆ? ಕುಟ್ಟೋದೇ. ಬೆಳಗ್ಗೆ ನವಣೆ ಕುಟ್ಟಿದ ಕೈ ಮಧ್ಯಾಹ್ನ ಅದನ್ನೇ ಮಾಡುತ್ತೆ. ಮೊದಲ ಸೀನಿನಲ್ಲಿ ಕೇಳಿದ ಒನಕೆ ಸದ್ದನ್ನೇ ಕಿಂಡಿ ಸೀನಿನಲ್ಲೂ ಬಳಸಿದೆವು. ಅದೇ ತಾಳ, ಅದೇ "ಹ್ಹುಂ". ಮ್ಯೂಸಿಕ್ಕೇ ಇಲ್ಲ. ಈ ಸಿನಿಮಾದಲ್ಲಿ ನನಗೆ ಹೆಮ್ಮೆ ಇರೋದು ಇದೊಂದಕ್ಕೇ.

ಉಳಿದದ್ದು ಒದ್ದಾಟ. ಕೋಟೆ ಇರೋದು ಪುರಾತತ್ವ ಇಲಾಖೆಯ ಕೈಯಲ್ಲಿ. ಮೊದಲೇ ಅರ್ಜಿ, ಫೀಸು, ಠೇವಣಿ ಎಲ್ಲ ಆಗಬೇಕು. ಮೊಳೆ ಹೊಡೆಯೋ ಹಾಗಿಲ್ಲ, ಬೆಂಕಿ ಹಚ್ಚೋ ಹಾಗಿಲ್ಲ. ಅದು ಸರಿಯೇ, ಅಲ್ವಾ? ಅಲ್ಲಿ ಎರಡೇ ದಿನ ತೆಗೆದೆವು. ಕಿಂಡಿಯನ್ನ ಸ್ನೇಹಿತನ ಹೊಲದ ಬಂಡೆಗೆ ಒರಗಿಸಿ ಬಿದಿರು, ಗೋಣಿಚೀಲ, ಪ್ಲಾಸ್ಟರ್ ಆಫ್ ಪ್ಯಾರಿಸ್ಸಲ್ಲಿ ಕಟ್ಟಿದೆವು. ಒಂದು ಪಕ್ಕ ತೆರೆದೇ ಬಿಟ್ಟೆವು, ಇಲ್ಲದಿದ್ದರೆ ಕ್ಯಾಮೆರಾ ಹೋಗೋದೆಲ್ಲಿಂದ?

ದುರ್ಗದ ಗಾಳಿ ಬಗ್ಗೆ ಗೊತ್ತಿಲ್ಲದವರಿಗೆ ಹೇಳಬೇಕು. ಸುತ್ತ ಗುಡ್ಡದ ಮೇಲೆಲ್ಲ ವಿಂಡ್‌ಮಿಲ್ ನಿಂತಿರೋದು ಸುಮ್ನೆ ಅಲ್ಲ. ಎಲ್ಲಿ ಕ್ಯಾಮೆರಾ ಇಟ್ಟರೂ ಹೈದರಾಲಿ ಸೈನ್ಯದ ಹಿಂದೆ ಬಿಳಿ ರೆಕ್ಕೆ ತಿರುಗುತ್ತೆ. ಕೆಲವು ಶಾಟನ್ನ ಕೆಳಗಿನಿಂದ ಮೇಲಕ್ಕೆ ನೋಡೋ ಹಾಗೆ ಇಟ್ಟೆವು, ಕೆಲವನ್ನ ಕಂಪ್ಯೂಟರಿನಲ್ಲಿ ಒಂದೊಂದೇ ಫ್ರೇಮು ಕೂತು ಅಳಿಸಿದೆವು. ಸ್ಪಾಟಲ್ಲಿ ಮಾಡಿದ ಸೌಂಡು ಪೂರ್ತಿ ಗಾಳಿ, ಒಂದು ಮಾತೂ ಕೇಳಲಿಲ್ಲ. ಸ್ಟುಡಿಯೋಗೆ ಕೊಡೋಕೆ ದುಡ್ಡಿಲ್ಲ. ನನ್ನ ಅಂಗಡಿಯ ಹಿಂದಿನ ರೂಮಿನ ನಾಲ್ಕೂ ಗೋಡೆಗೆ ಚಳ್ಳಕೆರೆ ಕಂಬಳಿ ನೇತುಹಾಕಿ ಡಬ್ಬಿಂಗ್ ಮಾಡಿದೆವು. ಏಪ್ರಿಲ್ ತಿಂಗಳು, ಫ್ಯಾನ್ ಹಾಕೋ ಹಾಗಿಲ್ಲ. ಮುದ್ದಹನುಮನ ಪಾತ್ರದವನು ಬನಿಯನ್ನೂ ತೆಗೆದು ಕೂತು ಮಾತಾಡಿದ್ದಾನೆ.

ಸೈನಿಕರು ಕಾಲೇಜು ಹುಡುಗರು. ಎಲ್ಲರಿಗೂ ಪಕ್ಕದಲ್ಲಿ ಮಿಷನ್ ಕಟಿಂಗು, ಹಾಗಾಗಿ ಎಲ್ಲರಿಗೂ ರುಮಾಲು. ಕುದುರೆ ಬೇಕು ಅಂತ ಆಸೆ ಇತ್ತು. ಆದರೆ ಸಿನಿಮಾದಲ್ಲಿ ಪ್ರಾಣಿ ಇದ್ದರೆ ಸೆನ್ಸಾರ್‌ನವರು ಪ್ರಾಣಿ ಕಲ್ಯಾಣ ಮಂಡಳಿಯ ಪತ್ರ ಕೇಳ್ತಾರೆ. ಬೇಡಪ್ಪಾ ಅಂತ ಬಿಟ್ಟೆವು. ತೆಂಗಿನ ಚಿಪ್ಪನ್ನ ಮಣ್ಣಿನ ಮೇಲೆ ಬಡಿದು ಕುದುರೆ ಸದ್ದು ಮಾಡಿದೆವು. ಒಂದು ಒಳ್ಳೇ ಶಾಟಿನಲ್ಲಿ ಯಾರದ್ದೋ ಕೋಳಿ ಅಡ್ಡ ಬಂದು ಅದೂ ಹೋಯ್ತು.

ಮೊದಲ ಶೋ ನವೆಂಬರ್ 11, ಓಬವ್ವ ಜಯಂತಿ ದಿನ. ಟಾಕೀಸಿನ ಬೆಳಗಿನ ಶೋ ಬಾಡಿಗೆಗೆ ತಗೊಂಡಿದ್ದೆವು. ಅರ್ಧ ತುಂಬಿತು, ಅದೂ ಸೈನಿಕರ ಅಪ್ಪ ಅಮ್ಮಂದಿರು. ತಮ್ಮ ಮಗ ಸತ್ತಾಗಲೆಲ್ಲ ಶಿಳ್ಳೆ! ಒಂದು ವಾರ ಬೇಜಾರಲ್ಲಿದ್ದೆ. ಆಮೇಲೆ ಒಬ್ಬ ಮೇಷ್ಟ್ರು ಫೋನ್ ಮಾಡಿ, ನಮ್ಮ ಶಾಲೆಗೆ ತಂದು ಹಾಕ್ತೀರಾ ಅಂದ್ರು. ಪ್ರೊಜೆಕ್ಟರು ಹೇಗೂ ಇತ್ತು, ರಿಸೆಪ್ಶನ್‌ಗೆ ಬಾಡಿಗೆ ಕೊಡ್ತಿದ್ದೆ. ಅಲ್ಲಿಂದ ಹೊಳಲ್ಕೆರೆ ಕಡೆ, ಹಿರಿಯೂರು ಕಡೆ, ಮೊಳಕಾಲ್ಮೂರು ಕಡೆ ಒಂದೊಂದೇ ಊರು ಕರೆಯೋಕೆ ಶುರು ಮಾಡಿತು. ಗುಡಿ ಮುಂದೆ ಪರದೆ ಕಟ್ಟಿ ಹಾಕೋದು, ಕೊಟ್ಟಷ್ಟು ತಗೊಳ್ಳೋದು. ಎರಡು ವರ್ಷದಲ್ಲಿ ಹಾಕಿದ ದುಡ್ಡು ಬಂತು, ಮೇಲೆ ಒಂದು ಲೆನ್ಸ್ ತಗೊಳ್ಳೋ ಅಷ್ಟು ಉಳಿಯಿತು. ಜಾಸ್ತಿ ಇಷ್ಟಪಟ್ಟವರು ವಯಸ್ಸಾದ ಹೆಂಗಸರು. ಒನಕೆ ಸದ್ದು ಶುರುವಾದರೆ ಕೆಲವರ ಕೈ ತಾನಾಗಿ ಆಡೋದು, ನಾನೇ ಕಂಡಿದ್ದೇನೆ.

ಅಜ್ಜಿಯ ಊರಿಗೂ ಹೋದೆವು. ಮುಂದಿನ ಸಾಲಲ್ಲಿ ಚಾಪೆ ಹಾಕಿ ಕೂರಿಸಿದೆವು. ಮುಗಿದ ಮೇಲೆ ಹೋಗಿ, "ಹೆಂಗಿತ್ತಜ್ಜಿ?" ಅಂದೆ.

"ಚಲೋ ಐತೆ. ಆದ್ರೆ ನಡುವೆ ಒಂದು ಏಟು ಒನಕೇದಲ್ಲ. ಅದ್ಯಾವ್ದೋ ಕೋಲು."

ನಿಜ. ಅವತ್ತು ಹುಡುಗಿಯ ಭುಜ ಹಿಡಿದುಕೊಂಡಿತ್ತು. ಆ ಒಂದು ಶಾಟಿಗೆ ಮಾತ್ರ ಬಡಗಿ ಹತ್ತಿರ ಹಾಲುವಾಣದ ಮರದಲ್ಲಿ ಹಗುರದ ಒನಕೆ ಮಾಡಿಸಿ ಬಣ್ಣ ಬಳಿದಿದ್ದೆವು. ಸೆನ್ಸಾರ್‌ನವರಿಗೆ ಗೊತ್ತಾಗಿರಲಿಲ್ಲ, ಎಡಿಟ್ ಮಾಡಿದ ನನಗೇ ಮರೆತುಹೋಗಿತ್ತು. ಪರದೆ ಮೇಲೆ ಅದು ಇರೋದು 2 ಸೆಕೆಂಡು.