ಸ್ಟ್ರಟ್ ಬಿಚ್ಚುವ ಮುಂಚೆ ಇದನ್ನೊಮ್ಮೆ ಓದಿ

ಮನೆಯಲ್ಲೇ ಕಾರಿನ ಸ್ಟ್ರಟ್ (ಚಕ್ರದ ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರ್ ಕಂಬ), ಅದರ ಸುತ್ತಲಿನ ಸ್ಪ್ರಿಂಗ್ ಬದಲಾಯಿಸುವವರಿಗೆ ಒಂದು ಮಾತು. ಸ್ಪ್ರಿಂಗನ್ನು ಕಂಪ್ರೆಸರ್ (ಸ್ಪ್ರಿಂಗ್ ಅದುಮಿ ಹಿಡಿಯುವ ಸಾಧನ) ಹಾಕಿ ಅದುಮದೆ ಸ್ಟ್ರಟ್ಟಿನ ತುದಿಯ ನಡುವಿನ ನಟ್ಟಿಗೆ ದಯವಿಟ್ಟು ಸ್ಪ್ಯಾನರ್ ಹಾಕಬೇಡಿ. ಸ್ಪ್ರಿಂಗ್ ಒಮ್ಮೆಲೇ ಚಿಮ್ಮಿದರೆ ಜೀವಕ್ಕೇ ಅಪಾಯ. ಎರಡು ಕಂಪ್ರೆಸರ್‌ಗಳನ್ನು ಎದುರುಬದುರು ಕೂರಿಸಿ, ಈ ಕಡೆ ನಾಲ್ಕು ಸುತ್ತು, ಆ ಕಡೆ ನಾಲ್ಕು ಸುತ್ತು ಅಂತ ಸಮವಾಗಿ ಬಿಗಿ ಮಾಡಿ. ಸ್ಪ್ರಿಂಗ್ ತಾನು ಕೂರುವ ತಟ್ಟೆಯಿಂದ ಸಡಿಲವಾಗಿ ಅಲುಗಾಡಿದ ಮೇಲಷ್ಟೇ ನಟ್ಟು ಬಿಚ್ಚಿ. ಮುಖ ಅದರ ನೇರಕ್ಕೆ ಬರದಿರಲಿ. ವಾಪಸ್ ಜೋಡಿಸುವಾಗ ಸ್ಪ್ರಿಂಗಿನ ಕೊನೆಯ ಸುತ್ತಿನ ತುದಿ ಕೆಳತಟ್ಟೆಯ ಮೆಟ್ಟಿಲಿಗೆ ತಾಗಿ ಕೂತಿದೆಯೇ ನೋಡಿ, ಆಮೇಲೆ ಕಂಪ್ರೆಸರ್ ಸಡಿಲಿಸಿ. ಎಡ-ಬಲ ಎರಡನ್ನೂ ಒಟ್ಟಿಗೇ ಬದಲಿಸಿ. ಬರೀ ಜಾಕ್ ನಂಬಬೇಡಿ, ಕಾರಿನ ಕೆಳಗೆ ಆನಿಕೆಯಾಗಿ ಇಡುವ ಸ್ಟ್ಯಾಂಡ್ ಬೇಕೇ ಬೇಕು. ಕೊನೆಗೆ ವೀಲ್ ಅಲೈನ್‌ಮೆಂಟ್ ಮಾಡಿಸಿ.