ಅಳಗುಳಿಮಣೆಗೆ ಐದು ಬೋರ್ಡ್

ಅಂಗೈಯಲ್ಲಿ ಹಿಡಿದು ಅಳಗುಳಿಮಣೆ ಆಡುವಂಥ ಪುಟ್ಟ ಆಟದ ಯಂತ್ರವೊಂದನ್ನು ನಾನೇ ಕಟ್ಟಬೇಕೆಂದು ಹೊರಟಾಗ, ಬಿಡಿಭಾಗಗಳನ್ನು ಬೆಸೆಯುವ ಸರ್ಕ್ಯೂಟ್ ಬೋರ್ಡನ್ನು ಕಾರ್ಖಾನೆಯಿಂದ ಮಾಡಿಸುವ ಯೋಚನೆ ಇರಲಿಲ್ಲ. ಈ ಆಟವೇ ಏಕೆಂದರೆ, ನನ್ನ ಬಳಿ ಇದ್ದ 0.96 ಇಂಚಿನ ಓಎಲ್‌ಇಡಿ ಪರದೆಯಲ್ಲಿ ಅಡ್ಡಕ್ಕೆ 128 ಚುಕ್ಕಿ, ಉದ್ದಕ್ಕೆ 64. ಸಾಲಿಗೆ ಏಳು ಗುಳಿ, ಗುಳಿಗೆ 18 ಚುಕ್ಕಿಯಂತೆ ಲೆಕ್ಕ ಹಾಕಿದರೆ 126. ಎರಡು ಚುಕ್ಕಿ ಮಿಕ್ಕುತ್ತವೆ. ಅಳತೆ ಇಷ್ಟು ಚೆನ್ನಾಗಿ ಕೂತ ಮೇಲೆ ಬೇರೆ ಆಟ ಹುಡುಕಲು ಮನಸ್ಸಾಗಲಿಲ್ಲ.

ಮೊದಲ ಬೋರ್ಡನ್ನು ಮನೆಯಲ್ಲೇ ಮಾಡಿದೆ. ಲೇಸರ್ ಪ್ರಿಂಟ್ ತೆಗೆದು, ತಾಮ್ರದ ಹಲಗೆಯ ಮೇಲೆ ಕವುಚಿ ಇಸ್ತ್ರಿಪೆಟ್ಟಿಗೆಯಿಂದ ಒತ್ತಿ, ಬೇಡದ ತಾಮ್ರವನ್ನು ಕರಗಿಸುವ ಫೆರಿಕ್ ಕ್ಲೋರೈಡ್‌ನಲ್ಲಿ ಅದ್ದುವ ಹಳೆಯ ವಿಧಾನ. ಒಂದು ಮಗ್ಗುಲಿನ ಬೋರ್ಡಿಗೆ ಇದು ಸಾಕು. ಎರಡು ಮಗ್ಗುಲಿನ ತಾಮ್ರದ ಗೆರೆಗಳನ್ನು ಒಂದಕ್ಕೊಂದು ಹೊಂದಿಸುವುದು ಮಾತ್ರ ನನ್ನ ಕೈಗೆ ಬರಲಿಲ್ಲ. ಮೂರನೆಯ ಸಲವೂ ತೂತುಗಳು ಓರೆಯಾದಾಗ, ಬಚ್ಚಲುಮನೆಯ ನೆಲದ ಮೇಲಿನ ಕಂದು ಕಲೆಯನ್ನು ತೋರಿಸಿ ಅಮ್ಮ, ‘ಇದನ್ನು ಮಾಡಿಕೊಡುವವರು ಯಾರೂ ಇಲ್ಲವೇನೋ?’ ಎಂದು ಕೇಳಿದರು. ಇದ್ದರು. ಐದು ಬೋರ್ಡಿಗಿಂತ ಕಡಿಮೆ ಮಾಡಿಕೊಡುವುದಿಲ್ಲ, ಅಷ್ಟೇ.

ನಕ್ಷೆಯನ್ನು ಕೀಕ್ಯಾಡ್‌ನಲ್ಲಿ ಬರೆದೆ. ಅದು ಉಚಿತ ತಂತ್ರಾಂಶ, ಇಂಥ ಕೆಲಸಕ್ಕೆ ಧಾರಾಳವಾಗಿ ಸಾಕು. ಚಿಪ್ ಎಟಿಮೆಗಾ328ಪಿ, 28 ಕಾಲಿನದು. ಇದರ ರ್‍ಯಾಮ್ ಬರೀ 2 ಕೆಬಿ, ಅದರಲ್ಲಿ 1 ಕೆಬಿಯನ್ನು ಪರದೆಯ ಚಿತ್ರವೇ ನುಂಗುತ್ತದೆ. ಉಳಿದ ಅರ್ಧದಲ್ಲಿ ಸಂಸಾರ ಮಾಡಬೇಕು. ಲಿಥಿಯಂ ಬ್ಯಾಟರಿಯ ವೋಲ್ಟೇಜು 4.2ರಿಂದ 3ರ ಆಸುಪಾಸಿಗೆ ಇಳಿಯುತ್ತದೆ. ಅಷ್ಟು ಕಡಿಮೆಯಲ್ಲಿ ಈ ಚಿಪ್ಪನ್ನು 16 ಮೆಗಾಹರ್ಟ್ಸ್ ವೇಗದಲ್ಲಿ ಓಡಿಸಬಾರದು. ಆದ್ದರಿಂದ ಅದರೊಳಗೇ ಇರುವ 8 ಮೆಗಾಹರ್ಟ್ಸ್ ಗಡಿಯಾರಕ್ಕೆ ಒಪ್ಪಿಕೊಂಡೆ. ಹೊರಗಿನ ಗಡಿಯಾರವಾಗುವ ಕ್ರಿಸ್ಟಲ್ ಮತ್ತು ಅದರ ಎರಡು ಕೆಪಾಸಿಟರ್‌ಗಳು ಬೇಕಾಗಲಿಲ್ಲ. ಬಟನ್‌ಗಳಿಗೆ, ಒತ್ತದಿದ್ದಾಗ ಪಿನ್ನಿನ ವೋಲ್ಟೇಜನ್ನು ಮೇಲೆ ಹಿಡಿದಿಡುವ ಚಿಪ್ಪಿನೊಳಗಿನ ಪುಲ್‌ಅಪ್ ರೆಸಿಸ್ಟರ್‌ಗಳೇ ಸಾಕಾದವು.

ಬೋರ್ಡಿನ ಉದ್ದ 95, ಅಗಲ 50 ಮಿಲಿಮೀಟರ್. ಅನೇಕ ತಯಾರಕರ ಅಗ್ಗದ ದರ 100 ಮಿಲಿಮೀಟರ್ ಚೌಕದೊಳಗಿನ ಬೋರ್ಡಿಗೆ ಮಾತ್ರ. ಆ ಗಡಿಯನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಂಡು ಬರೆಯುವುದು ಜಾಣತನ.

ನಕ್ಷೆ ಮುಗಿದ ಮೇಲೆ ಅದನ್ನು ನಿಜ ಅಳತೆಯಲ್ಲಿ ಕಾಗದಕ್ಕೆ ಇಳಿಸಿ, ಹಳೆಯ ರಟ್ಟಿಗೆ ಅಂಟಿಸಿ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡ ಬಿಡಿಭಾಗಗಳನ್ನು ಒಂದೊಂದಾಗಿ ಅದಕ್ಕೆ ಚುಚ್ಚಿದೆ. ಕಂಪ್ಯೂಟರ್ ಪರದೆಯ ಮುಂದೆ ಗಂಟೆಗಟ್ಟಲೆ ಕೂತರೂ ಕಾಣದ ಎರಡು ತಪ್ಪು ಹತ್ತು ನಿಮಿಷದಲ್ಲಿ ಕಂಡವು. ಬ್ಯಾಟರಿಯ ಸಾಕೆಟ್ ಬಾಯಿ ಒಳಮುಖವಾಗಿತ್ತು, ತಂತಿ ಸಿಕ್ಕಿಸಲು ಜಾಗವೇ ಇಲ್ಲ. ಬಲಗಡೆಯ ಬಟನ್‌ಗಳು ಅಂಚಿಗೆ ತೀರಾ ಹತ್ತಿರವಿದ್ದು, ಹೆಬ್ಬೆರಳು ಒತ್ತಿದಾಗ ರಟ್ಟೇ ಮಗುಚಿಕೊಳ್ಳುತ್ತಿತ್ತು. ಹೀಗೆ ರಟ್ಟನ್ನು ಹಿಡಿದು ಆಡುವುದನ್ನು ನೋಡಿದವರು ನಗಬಹುದು, ನಗಲಿ.

ಕಾರ್ಖಾನೆಗೆ ಕಳಿಸುವುದು ನಕ್ಷೆಯ ಮೂಲ ಕಡತವನ್ನಲ್ಲ, ಗರ್ಬರ್ ಎಂಬ ಕಡತಗಳ ಗಂಟನ್ನು: ತಾಮ್ರದ ಪ್ರತಿ ಪದರಕ್ಕೆ ಒಂದು, ಹಸಿರು ಲೇಪಕ್ಕೆ, ಬಿಳಿ ಬರಹಕ್ಕೆ, ಬೋರ್ಡಿನ ಅಂಚಿಗೆ ಒಂದೊಂದು. ತೂತುಗಳ ಕಡತವನ್ನು ಬೇರೆಯಾಗಿ ತೆಗೆಯಬೇಕು. ಅಲ್ಲೇ ಎಡವಿದೆ. ತಾಮ್ರದ ಕಡತಗಳನ್ನು ಒಂದು ಮೂಲಬಿಂದುವಿನಿಂದಲೂ ತೂತಿನ ಕಡತವನ್ನು ಇನ್ನೊಂದರಿಂದಲೂ ತೆಗೆದಿದ್ದೆ. ಕಳಿಸುವ ಮುನ್ನ ಗರ್ಬರ್ ವೀಕ್ಷಕದಲ್ಲಿ ಎಲ್ಲವನ್ನೂ ಒಂದರ ಮೇಲೊಂದು ಇಟ್ಟು ನೋಡಿದರೆ ತೂತುಗಳೆಲ್ಲ ಗುಂಪಾಗಿ ಬೋರ್ಡಿನಾಚೆ ನಿಂತಿದ್ದವು. ನಕ್ಷೆಯ ತಂತ್ರಾಂಶದಲ್ಲಿ ತಪಾಸಣೆ ಪಾಸಾಗಿದ್ದ ಬೋರ್ಡ್ ಅದು. ನಿಯಮಗಳ ತಪಾಸಣೆ ನೋಡುವುದು ನಕ್ಷೆಯನ್ನು, ನಾವು ಕಳಿಸುವ ಗಂಟನ್ನಲ್ಲ.

ಆರ್ಡರಿನ ಪುಟದಲ್ಲಿ ಕೇಳುವ ಹತ್ತಾರು ಪ್ರಶ್ನೆಗಳಲ್ಲಿ ಹೆಚ್ಚಿನವನ್ನು ಇದ್ದ ಹಾಗೇ ಬಿಟ್ಟೆ: ಎರಡು ಪದರ, 1.6 ಮಿಲಿಮೀಟರ್ ದಪ್ಪ, 35 ಮೈಕ್ರಾನ್ ತಾಮ್ರ, ಹಸಿರು ಬಣ್ಣ. ಒಂದನ್ನು ಮಾತ್ರ ಬದಲಿಸಿದೆ. ತಾಮ್ರದ ಮೇಲಿನ ಬೆಸುಗೆಯ ಲೇಪ ಸೀಸವಿಲ್ಲದ್ದಿರಲಿ ಎಂದೆ. ನನ್ನ ಯಂತ್ರಕ್ಕೆ ಡಬ್ಬಿ ಇಲ್ಲ, ಬರಿಯ ಬೋರ್ಡನ್ನೇ ಕೈಯಲ್ಲಿ ಹಿಡಿಯಬೇಕು. ಸ್ವಲ್ಪ ಹೆಚ್ಚು ಹಣ ಹೋಯಿತು. ಅದಕ್ಕಿಂತ ಎಷ್ಟೋ ಹೆಚ್ಚು ಹೋದದ್ದು ಚೀನಾದಿಂದ ಬರುವ ಕೊರಿಯರಿಗೆ. ಅದರ ಹಿಂದೆಯೇ ಗುರುತಿನ ದಾಖಲೆ ಕೊಡಿ ಎಂಬ ಸಂದೇಶ, ಆಮೇಲೆ ಕಸ್ಟಮ್ಸ್ ಸುಂಕ. ಬೋರ್ಡಿನ ಬೆಲೆಯನ್ನಷ್ಟೇ ನೋಡಿ ಹಿಗ್ಗಿದ್ದ ನಾನು ಒಟ್ಟು ಲೆಕ್ಕವನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಮೂರು ವಾರದ ನಂತರ ಪೊಟ್ಟಣ ಬಂತು. ಗೆರೆಗಳು ಕೂದಲೆಳೆಯಂತೆ ನೇರ, ತೂತುಗಳು ಪ್ಯಾಡಿನ, ಅಂದರೆ ಬೆಸೆಯುವ ತಾಮ್ರದ ಬಿಲ್ಲೆಯ, ನಟ್ಟನಡುವೆ. ಇಸ್ತ್ರಿಪೆಟ್ಟಿಗೆಯ ಕಾಲ ಮುಗಿಯಿತು ಅನ್ನಿಸಿತು. ಆದರೆ ಪರದೆಯ ಕೆಳಗೆ, ‘ಅಳಗುಳಿ’ ಎಂಬ ಹೆಸರಿಗೆ ತಾಗಿ, ತಯಾರಕರು ತಮ್ಮ ಆರ್ಡರ್ ಸಂಖ್ಯೆಯನ್ನು ಅಚ್ಚು ಹಾಕಿದ್ದರು. ಎಲ್ಲಿ ಹಾಕಬೇಕೆಂದು ಮೊದಲೇ ಸೂಚಿಸಬಹುದಿತ್ತು, ಪುಟದ ಮೂಲೆಯಲ್ಲಿದ್ದ ಆ ಪ್ರಶ್ನೆಯನ್ನು ನಾನು ಓದಿರಲಿಲ್ಲ. ಕನ್ನಡ ಬರಹಕ್ಕೆ ಇನ್ನೊಂದು ಪೆಟ್ಟು ಬಿದ್ದಿತ್ತು. ಬಟನ್ ಪಕ್ಕದ ‘ಎತ್ತು’ ಪದದ ತ ಒತ್ತು ಬಿಳಿ ಶಾಯಿ ತುಂಬಿಕೊಂಡು ಬರೀ ಮಚ್ಚೆಯಾಗಿತ್ತು. ಇಂಗ್ಲಿಷ್ ಅಕ್ಷರಕ್ಕೆ ಸಾಲುವ ಎತ್ತರ ಒತ್ತಕ್ಷರಕ್ಕೆ ಸಾಲದು.

ಇವೆಲ್ಲ ಅಂದಚಂದದ ಮಾತು. ನಿಜವಾದ ಪೆಟ್ಟು ಬೆಸುಗೆ ಮುಗಿಸಿ ಬ್ಯಾಟರಿ ಸಿಕ್ಕಿಸಿದಾಗ ಬಿತ್ತು. ಪರದೆ ಬೆಳಗಲಿಲ್ಲ. ಅದರ ಬೆನ್ನಿಗೆ ಬೆರಳಿಟ್ಟೆ, ಚುರುಕ್ ಎಂದಿತು. ನೋಡಲು ಒಂದೇ ತರಹದ ಈ ನಾಲ್ಕು ಕಾಲಿನ ಪರದೆಗಳಲ್ಲಿ ಎರಡು ಜಾತಿ. ಕೆಲವದರಲ್ಲಿ ಮೊದಲ ಪಿನ್ ಗ್ರೌಂಡ್ (ಬ್ಯಾಟರಿಯ ಋಣ ತುದಿ), ಎರಡನೆಯದು ವಿದ್ಯುತ್ತು (ಧನ ತುದಿ). ಇನ್ನು ಕೆಲವದರಲ್ಲಿ ಅದಲು ಬದಲು. ನಕ್ಷೆ ಬರೆಯುವಾಗ ಮೇಜಿನ ಮೇಲಿದ್ದದ್ದು ಒಂದು ಜಾತಿ, ಬೋರ್ಡಿಗೆಂದು ಆಮೇಲೆ ಕೊಂಡು ತಂದದ್ದು ಇನ್ನೊಂದು. ಕಾಲುಗಳ ಅಂತರ ಒಂದೇ ಆದ್ದರಿಂದ ನನ್ನ ಹೆಮ್ಮೆಯ ರಟ್ಟಿನ ಪರೀಕ್ಷೆಗೆ ಇದು ಸಿಗಲೇ ಇಲ್ಲ. ಪಿನ್ ಪಕ್ಕದಲ್ಲಿ ಅಚ್ಚಾಗಿದ್ದ ಹೆಸರನ್ನು ಓದಿದ್ದರೆ ಸಾಕಿತ್ತು.

ಸುಟ್ಟ ಪರದೆಯನ್ನು ಕಿತ್ತು, ಆ ಎರಡು ಪಿನ್ನಿಗೆ ಬರುವ ಗೆರೆಗಳನ್ನು ಬ್ಲೇಡಿನಿಂದ ಕೊಯ್ದು, ಒಂದು ಕೆಂಪು ಒಂದು ಕಪ್ಪು ತಂತಿಯನ್ನು ಹಿಂಬದಿಯಲ್ಲಿ ಕತ್ತರಿಯಾಕಾರದಲ್ಲಿ ಬೆಸೆದೆ. ಹೊಸ ಪರದೆ ಕೂರಿಸಿ ಬ್ಯಾಟರಿ ಕೊಟ್ಟೊಡನೆ ಹದಿನಾಲ್ಕು ಗುಳಿಗಳು ಬೆಳಗಿದವು.

ಎರಡನೆಯ ಆರ್ಡರಿನಲ್ಲಿ ಪರದೆಯ ಪಕ್ಕ ಮೂರು ಮೂರು ಪುಟ್ಟ ಪ್ಯಾಡುಗಳ ಎರಡು ಸಾಲು ಇಟ್ಟಿದ್ದೇನೆ. ನಡುವಿನದನ್ನು ಎಡಕ್ಕೆ ಬೆಸೆದರೆ ಒಂದು ಜಾತಿಯ ಪರದೆ, ಬಲಕ್ಕೆ ಬೆಸೆದರೆ ಇನ್ನೊಂದು. ಒತ್ತಕ್ಷರ ದೊಡ್ಡದಾಗಿದೆ, ಆರ್ಡರ್ ಸಂಖ್ಯೆ ಬೆನ್ನಿಗೆ ಹೋಗಿದೆ. ಅಮ್ಮ ಮಾತ್ರ ಕತ್ತರಿ ತಂತಿಯ ಹಳೆಯದರಲ್ಲೇ ಆಡುತ್ತಾರೆ. ಹೊಸದರ ಬಟನ್ ಗಟ್ಟಿಯಂತೆ. ಬಟನ್ ಬೇರೆ ಅಂಗಡಿಯಿಂದ ತಂದಿದ್ದೆ, ಬೋರ್ಡಿಗೂ ಅದಕ್ಕೂ ಸಂಬಂಧವಿಲ್ಲ ಎಂದರೆ ಕೇಳುವವರಲ್ಲ.